ಅರ್ಧಗಡ್ಡದವನ ಎಡಗೆನ್ನೆ

ಮದುವೆಯಾಗಿ ಬಂದು ಒಂಬತ್ತು ದಿನ ತುಂಬಿರಲಿಲ್ಲ, ಗಂಡ ಸತ್ತನೆಂದು ಅವಳು ಊರೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಂಡಳು.

ತಪ್ಪು ಅವಳದಲ್ಲ. ಬುತ್ತಿಗಂಟು ಸೊಂಟಕ್ಕಿಟ್ಟುಕೊಂಡು ಹೊಲದ ಬದುವಿಗೆ ಬಂದವಳ ಕಣ್ಣಿಗೆ ಬಿದ್ದದ್ದು ಇಷ್ಟು. ಕಣ್ಣು ಹಾಯುವಷ್ಟು ದೂರ ಒದ್ದೆ ಕಪ್ಪು ಮಣ್ಣು. ಅದರ ನಟ್ಟನಡುವೆ ಕೈಕಾಲು ಚಾಚಿ ಬೋರಲು ಬಿದ್ದ ಗಂಡ. ಇತ್ತ ಬದುವಿನ ಮೇಲೆ ಬೀಜದ ಚೀಲ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತ ಊರಿನ ಜನ. ಅಷ್ಟು ಜನರಲ್ಲಿ ಒಬ್ಬರಾದರೂ ಓಡಿಹೋಗಿ ಎತ್ತಬೇಡವೇ? ಒಬ್ಬರೂ ಕದಲಲಿಲ್ಲ.

"ಅಯ್ಯೋ, ನಿಮ್ಮ ಕೈಗೇನು ಲಕ್ವ ಹೊಡೆದಿದೆಯಾ? ಎತ್ರೋ!" ಎಂದು ಕಿರುಚಿದಳು. ಬುತ್ತಿ ಕೈತಪ್ಪಿ ಬಿತ್ತು.

ಪಕ್ಕದಲ್ಲಿ ದೋಣಿಯವನು ನಿಂತಿದ್ದ. ಅವಳ ಗಂಡನ ಜೀವದ ಗೆಳೆಯ, ಆಗಿನ್ನೂ ಕಡ್ಡಿಯಂತಿದ್ದ ಆಸಾಮಿ. ತುಟಿಗೆ ಬೆರಳಿಟ್ಟು, "ಶ್! ಕೂಗಬೇಡಿ ಅತ್ತಿಗೆ. ಸತ್ತಿಲ್ಲ ಅವನು. ಕೇಳ್ತಾ ಇದಾನೆ" ಅಂದ.

"ಏನು ಕೇಳ್ತಾ ಇದಾರೆ?"

"ಹದ."

ಅಷ್ಟರಲ್ಲಿ ಸತ್ತವನು ಮೊಣಕೈ ಊರಿ ಎದ್ದು ಕೂತ. ಎಡಗೆನ್ನೆಯ ತುಂಬ ಮಣ್ಣು ಮೆತ್ತಿಕೊಂಡಿತ್ತು. ಬಲಗೆನ್ನೆಯ ಮೇಲೆ ವಾರದ ಗಡ್ಡ ಹಾಗೇ ಇತ್ತು. ಬದುವಿನ ಕಡೆ ತಿರುಗಿ, ಸಿಟ್ಟಿಲ್ಲ, ನಗುವಿಲ್ಲ, "ಯಾರದು ಕೂಗಿದ್ದು?" ಎಂದು ಕೇಳಿದ. ಊರಿಗೆ ಊರೇ ಹೊಸ ಹೆಣ್ಣಿನ ಕಡೆ ಕೈ ತೋರಿಸಿತು.

"ಹೋಯ್ತು ಬಿಡು. ಮತ್ತೆ ಮೊದಲಿಂದ ಮಲಗಬೇಕು" ಎಂದು ಅವನು ಮತ್ತೆ ಕೆನ್ನೆ ಊರಿದ. ಅವಳಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಇನ್ನು ಸಾಯುವವರೆಗೆ ಈ ಬದುವಿನ ಮೇಲೆ ತುಟಿ ಎರಡು ಮಾಡುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆ ಗಂಟು ನಲವತ್ತೆಂಟು ವರ್ಷ ಬಿಚ್ಚಲಿಲ್ಲ.

ಆ ಊರು ದಿಬ್ಬದ ಮೇಲಿತ್ತು. ಕೆಳಗಿನ ಬಯಲೆಲ್ಲ ವರ್ಷಕ್ಕೆ ಮೂರು ತಿಂಗಳು ಹೊಳೆಯದು, ಉಳಿದ ಒಂಬತ್ತು ತಿಂಗಳು ಮನುಷ್ಯರದು. ನೆರೆ ಏರಿದಾಗ ನೀರು ಮನೆಗಳ ಮೊದಲ ಮೆಟ್ಟಿಲಿನವರೆಗೆ ಬರುತ್ತಿತ್ತು. ಗೋಡೆಗಳ ಮೇಲೆ ಒಂದೊಂದು ವರ್ಷದ ನೀರಿನ ಗೆರೆ, ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ. ಬೀಜದ ಜೋಳವನ್ನು ಮಡಕೆಯಲ್ಲಿ ತುಂಬಿ, ಬಾಯಿ ಕಟ್ಟಿ, ಮನೆಯ ತೊಲೆಗೆ ನೇತುಹಾಕುತ್ತಿದ್ದರು. ನೀರು ಇಳಿದು ಹೋಗುವಾಗ ಬಯಲಿನ ಮೇಲೆ ಬೆರಳುದ್ದ ಹೊಸ ಮಣ್ಣು ಹಾಸಿ ಹೋಗುತ್ತಿತ್ತು. ಬೆಣ್ಣೆಯಂಥ ಮಣ್ಣು. ಗೊಬ್ಬರ ಬೇಡ, ಉಳುಮೆ ಬೇಡ. ಕೋಲು ಊರಿ ಕುಳಿ ಮಾಡಿ, ನಾಲ್ಕು ಕಾಳು ಹಾಕಿ, ಹಿಮ್ಮಡಿಯಿಂದ ಮುಚ್ಚಿದರೆ ಮುಗಿಯಿತು.

ಆದರೆ ಯಾವ ದಿನ? ಎಲ್ಲ ತೊಡಕೂ ಇದ್ದದ್ದು ಅಲ್ಲಿ. ನೀರು ಇಳಿದ ಮೇಲೆ ಮಣ್ಣು ವಾರಗಟ್ಟಲೆ ಥಣ್ಣಗೆ ಒಳಗೊಳಗೇ ನೆನೆದುಕೊಂಡಿರುತ್ತದೆ. ಆಗ ಹಾಕಿದರೆ ಕಾಳು ಲೋಳೆಯಾಗಿ ಕೊಳೆಯುತ್ತದೆ. ತಡಮಾಡಿದರೆ ಬಿಸಿಲಿಗೆ ಮೇಲಿನ ಪದರ ಇಟ್ಟಿಗೆಯಾಗಿ, ಊರಿದ ಕೋಲೇ ಮುರಿಯುತ್ತದೆ. ನಡುವೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಅದನ್ನೇ ಹದ ಅನ್ನುತ್ತಿದ್ದರು. ಇನ್ನೊಂದು ಸಂಗತಿ ಇತ್ತು. ಬಿತ್ತಿದರೆ ಇಡೀ ಊರು ಒಂದೇ ದಿನ ಬಿತ್ತಬೇಕು. ಹೊಳೆಯಾಚೆಯ ಮರಗಳಲ್ಲಿ ಕಾಡುಪಾರಿವಾಳಗಳು ಸಾವಿರಗಟ್ಟಲೆ ಕಾದು ಕೂತಿರುತ್ತಿದ್ದವು. ಒಬ್ಬನೇ ಬಿತ್ತಿದರೆ ಎಲ್ಲವೂ ಅವನ ಹೊಲಕ್ಕೇ ಇಳಿದು, ಸಂಜೆಯೊಳಗೆ ಒಂದು ಕಾಳೂ ಬಿಡುತ್ತಿರಲಿಲ್ಲ. ಎಲ್ಲರೂ ಬಿತ್ತಿದರೆ ಹಕ್ಕಿಯ ಪಾಲು ಎಲ್ಲರಿಗೂ ಹಂಚಿಹೋಗುತ್ತಿತ್ತು. ಹಾಗಾಗಿ ಇಡೀ ಊರಿಗೆ ಒಂದು ಮಾತು ಬೇಕಿತ್ತು. ಆ ಮಾತು ಅವನದು.

ಅವನಿಗೆ ಇದನ್ನು ಕಲಿಸಿದವಳು ಅಜ್ಜಿ. ತಾಯಿಯಿಲ್ಲದ ಅವನನ್ನು ಸಾಕಿದ ಆಕೆ ಊರಿನ ಸೂಲಗಿತ್ತಿ. ಹುಟ್ಟಿದ ಕೂಸಿಗೆ ನೀರು ಹಾಕುವ ಮುಂಚೆ ಬೋಗುಣಿಗೆ ಬಗ್ಗಿ ಕೆನ್ನೆ ತಾಗಿಸಿ ನೋಡುತ್ತಿದ್ದಳಂತೆ. "ಕೈ ನಂಬಬೇಡ ಮಗಾ. ಕೈ ಕೆಲಸ ಮಾಡಿ ಮಾಡಿ ಒರಟಾಗಿರುತ್ತೆ, ಅದಕ್ಕೆ ಎಲ್ಲಾ ಒಂದೇ. ಕೆನ್ನೆ ಏನೂ ಕೆಲಸ ಮಾಡಿರಲ್ಲ, ಅದಕ್ಕೇ ಅದಕ್ಕೆ ಗೊತ್ತಾಗುತ್ತೆ" ಅನ್ನುತ್ತಿದ್ದಳು. ಮೊಮ್ಮಗ ಬೋಗುಣಿ ಬಿಟ್ಟು ಬಯಲಿಗೆ ಕೆನ್ನೆ ಕೊಟ್ಟ. ಇಪ್ಪತ್ತು ದಾಟುವಷ್ಟರಲ್ಲಿ ಊರಿನ ಹಿರಿಯರೇ ಅವನ ಬಾಯಿ ಕಾಯತೊಡಗಿದ್ದರು.

ನೆರೆ ಇಳಿಯುತ್ತಿದ್ದಂತೆ ಅವನು ದಿನಾ ಎಡಗೆನ್ನೆಯೊಂದನ್ನೇ ಬೋಳಿಸಿಕೊಳ್ಳುತ್ತಿದ್ದ. ಬಲಗಡೆ ಗಡ್ಡ ಅದರ ಪಾಡಿಗೆ ಬೆಳೆಯುತ್ತಿತ್ತು. ಹದ ಬಂದ ದಿನವೇ ಪೂರ್ತಿ ಕ್ಷೌರ. ಹೀಗಾಗಿ ಊರವರ ಬಾಯಲ್ಲಿ ಅವನು ಅರ್ಧಗಡ್ಡದವನಾದ, ಅವಳು ಅರ್ಧಗಡ್ಡದವನ ಹೆಂಡತಿ. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು.

"ಇನ್ನೊಂದು ಕೆನ್ನೆ ಏನು ಪಾಪ ಮಾಡಿದೆ? ಅದನ್ನೂ ಕೆರೆದುಬಿಡಿ. ಬೀದಿಯಲ್ಲಿ ನಿಮ್ಮ ಜೊತೆ ಬರೋಕೆ ನಾಚಿಕೆ."

"ದುಡಿಯೋದು ಎಡಗೆನ್ನೆ. ಬಲಗೆನ್ನೆ ಸೋಮಾರಿ, ಅದಕ್ಕೆ ಯಾಕೆ ಉಪಚಾರ? ನಾಚಿಕೆ ಆದರೆ ನನ್ನ ಎಡಗಡೆ ನಡಿ, ಚೆನ್ನಾಗಿ ಕಾಣ್ತೀನಿ."

ಅಂದಿನಿಂದ ಅವಳು ಎಲ್ಲಿ ಹೋದರೂ ಅವನ ಎಡಗಡೆಯೇ ನಡೆದಳು.

ಮಣ್ಣಿಗೆ ಮುಖ ಕೊಟ್ಟು ಮಲಗಿದಾಗ ಏನು ಕೇಳಿಸುತ್ತದೆ ಎಂದು ಒಮ್ಮೆ ಕೇಳಿದ್ದಳು. ಅದು ಮಗಳು ಹೊಟ್ಟೆಯಲ್ಲಿದ್ದ ವರ್ಷ. ಅವನು ಹೊಸ ಕೋಲಿನ ತುದಿ ಹೆರೆಯುತ್ತ ಜಗಲಿಯಲ್ಲಿ ಕೂತಿದ್ದ. ಹೆರೆಯುವುದು ನಿಲ್ಲಿಸಿ ಹೇಳಿದ.

"ಕೇಳಿಸೋದೇನೂ ಇಲ್ಲ. ಮೊದಮೊದಲ ದಿನ ಮಣ್ಣು ಬೇರೆ, ನಾನು ಬೇರೆ. ಅದು ತಣ್ಣಗೆ, ನಾನು ಬೆಚ್ಚಗೆ, ಇಬ್ಬರಿಗೂ ಗುರುತಿಲ್ಲದ ಹಾಗೆ ಇರ್ತೀವಿ. ಹದ ಬಂದ ದಿನ ಒಂದು ಹತ್ತು ಉಸಿರು ಬಿಡು, ಅಷ್ಟೇ. ಆಮೇಲೆ ಕೆನ್ನೆ ಎಲ್ಲಿ ಮುಗೀತು, ಮಣ್ಣು ಎಲ್ಲಿ ಶುರುವಾಯ್ತು ಅನ್ನೋದೇ ತಿಳಿಯಲ್ಲ. ಎದ್ದೇಳೋಕೆ ಮನಸ್ಸಾಗಲ್ಲ."

"ಹಾಗಾದ್ರೆ ಯಾಕೆ ಏಳ್ತೀರಿ?"

"ನೀನು ಬುತ್ತಿ ತಂದಿರ್ತೀಯಲ್ಲ."

ಅವನ ರೀತಿ ಎಲ್ಲರಿಗೂ ಪರಿಚಯವಾಗಿತ್ತು. ಹದ ಬಂದಿರದಿದ್ದರೆ ಬರಿಗೈಯಲ್ಲಿ ಎದ್ದು, ಕೆನ್ನೆ ಒರೆಸಿಕೊಂಡು ಬರುತ್ತಿದ್ದ. ಬಂದಿದ್ದರೆ ಮಲಗಿದಲ್ಲೇ ಹಿಡಿ ಮಣ್ಣು ಹಿಡಿದು, ಉಂಡೆ ಕಟ್ಟಿ, ಎದ್ದು ಬದುವಿನ ಕಡೆ ಎಸೆಯುತ್ತಿದ್ದ. ಉಂಡೆ ಬಿದ್ದು ಪುಡಿಯಾದೊಡನೆ ಜನ "ಹೋ" ಎಂದು ಬಯಲಿಗೆ ಇಳಿಯುತ್ತಿದ್ದರು. ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಬದುವಿನಿಂದ ಕಾಲು ಕೆಳಗಿಡುವಂತಿಲ್ಲ, ಮಾತಾಡುವಂತಿಲ್ಲ. ಒದ್ದೆ ಮಣ್ಣಿನಲ್ಲಿ ಹೆಜ್ಜೆಯ ನಡುಕ ಬಹು ದೂರ ಹರಿಯುತ್ತದೆ, ಕೆನ್ನೆ ಅದನ್ನು ಕೇಳುತ್ತದೋ ಮಣ್ಣನ್ನು ಕೇಳುತ್ತದೋ ಎಂದು ಅವನೇ ಮಾಡಿದ ಕಟ್ಟಳೆ. ಅಳುವ ಕೂಸುಗಳನ್ನು ತಾಯಂದಿರು ದಿಬ್ಬದ ಹಿಂದಕ್ಕೆ ಒಯ್ಯುತ್ತಿದ್ದರು. ಕೆಮ್ಮು ಇದ್ದವರು ಮನೆಯಲ್ಲೇ ಉಳಿಯುತ್ತಿದ್ದರು. ಇನ್ನೂರು ಜನ ಬೆಳಗಿನ ಬಿಸಿಲಲ್ಲಿ ಹಾಗೆ ತೆಪ್ಪಗೆ ನಿಂತು, ಮಲಗಿದ ಒಬ್ಬನನ್ನೇ ನೋಡುತ್ತಿದ್ದುದನ್ನು ಕಂಡಾಗಲೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹುಡುಕಲಾರದ ಗಂಡಸು ಇವನೇನಾ ಅನ್ನಿಸುತ್ತಿತ್ತು.

ಒಂದು ವರ್ಷ ಶಾಲೆಗೆ ಹೊಸ ಮೇಷ್ಟ್ರು ಬಂದರು. ಇವೆಲ್ಲ ಮೂಢತನ ಎಂದು ಗಾಜಿನ ಥರ್ಮಾಮೀಟರ್ ತಂದು, ಅವನು ಮಲಗುತ್ತಿದ್ದ ಜಾಗದಲ್ಲೇ ದಿನಾ ಮಣ್ಣಿಗೆ ಚುಚ್ಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವನು ಬೇಡ ಅನ್ನಲಿಲ್ಲ. "ಬನ್ನಿ ಮೇಷ್ಟ್ರೇ, ಇಬ್ಬರೂ ನೋಡೋಣ, ಒಬ್ಬರಿಗಿಂತ ಇಬ್ಬರು ವಾಸಿ" ಅಂದ. ಐದು ವರ್ಷ ಬರೆದ ಮೇಲೆ ಮೇಷ್ಟ್ರು ಒಂದು ಸಂಜೆ ನೋಟ್‌ಬುಕ್ಕು ಹಿಡಿದು ಅವರ ಜಗಲಿಗೆ ಬಂದರು. ಅವನು ಉಂಡೆ ಎಸೆದ ಐದು ದಿನಗಳಲ್ಲಿಯೂ ಪಾದರಸ ಒಂದೇ ಗೆರೆಯ ಮೇಲೆ ನಿಂತಿತ್ತು, ಒಂದು ಕೂದಲೆಳೆ ಆಚೀಚೆ ಇಲ್ಲ. "ಇದು ಹೇಗೆ ಸಾಧ್ಯ ಮಾರಾಯಾ?" ಎಂದು ಮೇಷ್ಟ್ರು ಅವನ ಕೆನ್ನೆಯನ್ನು ಮುಟ್ಟಿಯೇ ನೋಡಿದರು. ಅವನು, "ನಿಮ್ಮ ಗಾಜು ಒಳ್ಳೇದು ಮೇಷ್ಟ್ರೇ, ಸುಳ್ಳು ಹೇಳಲಿಲ್ಲ" ಎಂದು ಗಾಜಿನ ಬೆನ್ನೇ ತಟ್ಟಿದ! ಮಾರನೆಯ ವರ್ಷ ಅದು ಯಾರದೋ ಕಾಲಡಿ ಸಿಕ್ಕಿ ಒಡೆಯಿತು. ಮೇಷ್ಟ್ರು ಇನ್ನೊಂದು ತರಲಿಲ್ಲ, ಬೀಜದ ಚೀಲ ಹಾಕಿಕೊಂಡು ಬದುವಿನ ಮೇಲೆ ನಿಂತರು.

ಅಂಥವನೂ ಒಮ್ಮೆ ತಪ್ಪಿದ. ಆ ವರ್ಷ ಅವನಿಗೆ ಒಳಜ್ವರ. ತನಗೇ ಗೊತ್ತಿರಲಿಲ್ಲ, ಮೈಕೈ ನೋವು ಎಂದುಕೊಂಡಿದ್ದ. ಕಾದ ಕೆನ್ನೆಗೆ ಮಣ್ಣು ದಿನವೂ ತಣ್ಣಗೇ ಅನ್ನಿಸಿತು. "ಇನ್ನೂ ಇಲ್ಲ" ಅಂದ. ಮಾರನೆಯ ದಿನವೂ ಇಲ್ಲ. ಆರನೆಯ ದಿನ ಬದುವಿನಿಂದ ಇಳಿಯುವಾಗ ಅವನ ಕಾಲ ಕೆಳಗೆ ಮಣ್ಣು ಹಪ್ಪಳದಂತೆ ಚಟಚಟ ಒಡೆಯಿತು. ಆ ವರ್ಷ ಕೋಲುಗಳು ಮುರಿದವು, ಹೆಂಗಸರ ಅಂಗೈ ಕಿತ್ತುಹೋಯಿತು, ಬೆಳೆ ಮೊಣಕಾಲಿಗೆ ನಿಂತಿತು. ಊರಿಗೆ ಊರೇ ಒಂದು ಹೊತ್ತು ಉಂಡು ವರ್ಷ ದೂಡಿತು. ಜ್ವರ ಬಿಟ್ಟ ಮೇಲೆ ಅವನು ಮನೆಮನೆಯ ಬಾಗಿಲಿಗೆ ಹೋಗಿ, "ತಪ್ಪು ನಂದು. ನನ್ನ ಮೈ ಬಿಸಿ ಇತ್ತು, ನೋಡಿಕೊಳ್ಳಲಿಲ್ಲ" ಎಂದು ಹೇಳಿ ಬಂದ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ದೋಣಿಯವನು ಮಾತ್ರ, "ಮುಂದಿನ ವರ್ಷ ಹದಕ್ಕೆ ಮೊದಲು ನಿನ್ನನ್ನೇ ಹೊಲದಲ್ಲಿ ಹೂತಿಟ್ಟು ತಣ್ಣಗೆ ಮಾಡ್ತೀವಿ" ಎಂದು ನಗಿಸಲು ನೋಡಿ, ತಾನೇ ಕಣ್ಣೊರೆಸಿಕೊಂಡ.

ಮುಂದಿನ ವರ್ಷದಿಂದ ಅವನು ಹೊಲಕ್ಕೆ ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಹಣೆ ಕೊಡುತ್ತಿದ್ದ.

"ನೋಡೇ, ಬಿಸಿ ಇದೆಯಾ?"

ಅವಳು ಅಂಗೈ ಇಟ್ಟು, "ಇಲ್ಲ, ಸರಿಯಾಗಿದೆ. ಹೋಗ್ಬನ್ನಿ" ಅನ್ನುತ್ತಿದ್ದಳು. ಅಷ್ಟೇ ಕೆಲಸ. ಆದರೆ ಆ ಅಂಗೈ ಹೂಂ ಅನ್ನದೆ ಊರಿನ ಒಂದು ಕಾಳೂ ನೆಲ ಸೇರುತ್ತಿರಲಿಲ್ಲ. ಅವಳು ಇದನ್ನು ಯಾರ ಮುಂದೂ ಹೇಳಿಕೊಂಡವಳಲ್ಲ.

ವಯಸ್ಸಾಯಿತು. ಮಗಳನ್ನು ಅದೇ ಊರಿನ ಮೇಲಿನ ಬೀದಿಗೆ ಕೊಟ್ಟದ್ದಾಯಿತು. ಅವನ ಕೈ ನಡುಗತೊಡಗಿದ ಮೇಲೆ ಎಡಗೆನ್ನೆಯ ಕ್ಷೌರವೂ ಅವಳ ಪಾಲಿಗೆ ಬಂತು. ಕಿಟಕಿಯ ಸರಳಿಗೆ ಕನ್ನಡಿಯ ಚೂರು ಸಿಕ್ಕಿಸಿ, ಅವನನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು. ಬಾಯಿ ಓರೆ ಮಾಡಿ ಅಂದರೆ ಮಾಡುತ್ತಿದ್ದ, ಗಾಳಿ ತುಂಬಿ ಅಂದರೆ ತುಂಬುತ್ತಿದ್ದ. ಹಣೆಯಲ್ಲಿ, ಕತ್ತಿನಲ್ಲಿ, ಕೈಯಲ್ಲಿ ನೆರಿಗೆಗಳ ಮೇಲೆ ನೆರಿಗೆ. ಆ ಒಂದು ಕೆನ್ನೆ ಮಾತ್ರ ಕೊನೆಯವರೆಗೂ ಕೂಸಿನದರಂತೆ ನುಣ್ಣಗಿತ್ತು. ಅಷ್ಟು ವರ್ಷ ಮಣ್ಣು ಅದನ್ನು ನೇವರಿಸಿತ್ತಲ್ಲ.

ಆ ಕಡೆಯ ವರ್ಷ ನೆರೆ ದೊಡ್ಡದಾಗಿ ಬಂದು ತಡವಾಗಿ ಇಳಿಯಿತು. ಹನ್ನೊಂದು ದಿನ ಬರಿಗೈಯಲ್ಲಿ ಎದ್ದು ಬಂದಿದ್ದ. ಹನ್ನೆರಡನೆಯ ಬೆಳಿಗ್ಗೆ ಬ್ಲೇಡು ಹಿಡಿದು ಕೆನ್ನೆ ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಳು.

"ಏನ್ರೀ ಇದು, ಇಷ್ಟು ತಣ್ಣಗಿದೆ?"

"ನೀನು ಹಚ್ಚಿದ ನೀರು ತಣ್ಣಗಿರುತ್ತೆ. ಕೆರೆ ಬೇಗ, ಜನ ಕಾಯ್ತಾರೆ."

ಹೊಸ್ತಿಲಲ್ಲಿ ಹಣೆ ಮುಟ್ಟಿದಳು. ಬಿಸಿ ಇರಲಿಲ್ಲ. ಹಣೆಯ ಮೇಲೆ ಸಣ್ಣಗೆ ಬೆವರಿತ್ತು, ಬೆವರೂ ತಣ್ಣಗಿತ್ತು. ಅವಳ ಅಂಗೈಗೆ ಗೊತ್ತಿದ್ದದ್ದು ಬಿಸಿಯ ಲೆಕ್ಕ ಒಂದೇ. ತಣ್ಣಗಿದ್ದರೆ ಏನು ಹೇಳಬೇಕೆಂದು ಅವರಿಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ.

"ಬಿಸಿ ಇಲ್ಲ" ಅಂದಳು.

"ಹಾಗಾದ್ರೆ ಸರಿ" ಎಂದು ಅವನು ಹೊರಟ.

ಅವಳು ಬುತ್ತಿ ತೆಗೆದುಕೊಂಡು ಬದುವಿಗೆ ಬರುವಷ್ಟರಲ್ಲಿ ಅವನು ಮಲಗಿಯಾಗಿತ್ತು. ಬಿಸಿಲು ಏರುತ್ತಿತ್ತು, ಮಣ್ಣಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಊರು ಮಾಮೂಲಿನಂತೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿತ್ತು. ಹತ್ತು ಉಸಿರಾಯಿತು, ನೂರು ಉಸಿರಾಯಿತು. ಇಷ್ಟು ಹೊತ್ತು ಅವನು ಯಾವತ್ತೂ ಮಲಗಿದ್ದಿಲ್ಲ. ಜನ ಕಣ್ಣಲ್ಲೇ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟಗಳಲ್ಲಿ ಗಾಬರಿಯೇ ಇರಲಿಲ್ಲ. ದೊಡ್ಡ ನೆರೆಯ ಮಣ್ಣು, ಆಳಕ್ಕೆ ಇಳಿದು ಕೇಳುತ್ತಿದ್ದಾನೆ ಎಂಬ ಮೆಚ್ಚುಗೆ ಇತ್ತು. ಒಬ್ಬ ಮುದುಕ ಭಕ್ತಿಯಿಂದ ತಲೆಯ ಮೇಲಿನ ಬಟ್ಟೆಯನ್ನೇ ತೆಗೆದ.

ಅವಳೊಬ್ಬಳಿಗೆ ಮಾತ್ರ ಹಾಗನ್ನಿಸಲಿಲ್ಲ. ತಣ್ಣಗಿನ ಕೆನ್ನೆ ಅವಳ ಬೆರಳ ತುದಿಯಲ್ಲಿ ಇನ್ನೂ ಇತ್ತು. ಕೂಗಲೇ? ಬಾಯಿ ತೆರೆದಳು. ನಲವತ್ತೆಂಟು ವರ್ಷದ ಹಿಂದೆ ಒಂದು ಊರು ಪೂರ್ತಿ ತನ್ನ ಕಡೆ ಕೈ ತೋರಿಸಿದ್ದು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದಳು. ಒಂದು ಕೂಗಿಗೆ ಹದ ಕೆಟ್ಟರೆ, ಆ ದಿನ ತಪ್ಪಿದರೆ? ಬುತ್ತಿಯ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಳು.

ಆಗ ಒಂದು ಕಾಡುಪಾರಿವಾಳ ಹಾರಿ ಬಂದು ಮಲಗಿದವನ ಬೆನ್ನ ಮೇಲೆ ಕೂತಿತು. ಅತ್ತ ಇತ್ತ ನೋಡಿತು. ಅಂಗಿಯನ್ನು ಕೊಕ್ಕಿನಿಂದ ಎರಡು ಸಲ ಎಳೆಯಿತು. ಹುಟ್ಟಿದಾಗಿನಿಂದ ಆ ಹಕ್ಕಿಗೆ ವಂಶ ಸಮೇತ ಶಾಪ ಹಾಕಿದವನು ಕದಲಲಿಲ್ಲ.

ದೋಣಿಯವನು ಬೀಜದ ಚೀಲ ಕೆಳಗೆ ಬಿಟ್ಟ. ಅದು ಬಿದ್ದ ಸದ್ದಿಗೆ ಎಲ್ಲರೂ ಬೆಚ್ಚಿದರು. "ಹಕ್ಕಿ ಕೂತರೆ ಅವನು ಸುಮ್ನಿರಲ್ಲ" ಎಂದು ಅಷ್ಟೇ ಹೇಳಿ, ಕಟ್ಟಳೆಯನ್ನೂ ವಯಸ್ಸನ್ನೂ ಮರೆತು ಬಯಲಿಗೆ ಓಡಿದ. ಹಿಂದೆಯೇ ಅವಳು, ಅವಳ ಹಿಂದೆ ಊರು.

ಮಲಗಿದವನು ಯಾವಾಗಲೋ ಹೋಗಿಬಿಟ್ಟಿದ್ದ. ಮುಖದಲ್ಲಿ ನೋವಿನ ಗೆರೆಯೇ ಇರಲಿಲ್ಲ. "ಮಲಗಿದ ಹತ್ತು ಉಸಿರಿನಲ್ಲೇ ಆಗಿರಬೇಕು. ಓಡಿ ಬಂದಿದ್ದರೂ ಏನೂ ಮಾಡೋ ಹಾಗಿರಲಿಲ್ಲ" ಎಂದು ಆಮೇಲೆ ಆಸ್ಪತ್ರೆಯ ನರ್ಸಮ್ಮ ಹೇಳಿದರು. ಆ ಮಾತು ಅವಳಿಗೆ ಊಟದಂತೆ ಬೇಕಿತ್ತು. ಆದರೆ ಆಗ ಬಯಲಿನಲ್ಲಿ ಯಾರೂ ಅಳಲಿಲ್ಲ. ಎಲ್ಲರ ಕಣ್ಣೂ ಚಾಚಿದ ಅವನ ಬಲಗೈ ಮೇಲಿತ್ತು. ಮುಷ್ಟಿ ಬಿಗಿದಿತ್ತು. ದೋಣಿಯವನು ಮಂಡಿಯೂರಿ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದ. ಒಳಗೆ ಮಣ್ಣಿನ ಉಂಡೆ.

"ಹೇಳಿ ಹೋಗಿದಾನೆ" ಅಂದ ದೋಣಿಯವನು. "ನೋಡ್ರೋ, ಹೇಳಿಯೇ ಹೋಗಿದಾನೆ. ಎಸೆಯೋದೊಂದು ಬಾಕಿ."

ಜನ ಕೈ ಮುಗಿದರು. ಸಾಯುವ ಹೊತ್ತಿಗೂ ಊರಿನ ಕೆಲಸ ಮುಗಿಸಿ ಹೋದ ಎಂದು ಹೆಂಗಸರು ಅಳತೊಡಗಿದರು. ಮೇಷ್ಟ್ರು, ಈಗ ಅವರೂ ಹಣ್ಣು ಮುದುಕರು, "ಅವನ ಮಾತಿನಂತೆ ಇವತ್ತೇ ಬಿತ್ತೋಣ. ಬಿತ್ತಿ ಬಂದು ಮಣ್ಣು ಮಾಡೋಣ. ಅವನಿಗೆ ಅದೇ ಇಷ್ಟ" ಅಂದರು. ಹೌದು ಹೌದು ಎಂದು ಚೀಲಗಳು ಹೆಗಲೇರಿದವು.

ಅವಳು ಮಾತ್ರ ಆ ಉಂಡೆಯನ್ನೇ ನೋಡುತ್ತಿದ್ದಳು. ಆವತ್ತಿನ ಬೆಳಗಿನ ಕೆನ್ನೆಯನ್ನು ಮುಟ್ಟಿದವಳು ಇಡೀ ಊರಿಗೆ ಅವಳೊಬ್ಬಳೇ. ಕಾದ ಕೆನ್ನೆಗೆ ಮಣ್ಣು ತಣ್ಣಗೆ ಅನ್ನಿಸಿ ಒಂದು ವರ್ಷದ ಅನ್ನ ಹೋಗಿತ್ತು. ತಣ್ಣಗಾದ ಕೆನ್ನೆಗೆ? ತಣ್ಣನೆ ಮಣ್ಣೂ ಬೆಚ್ಚಗೆ ಅನ್ನಿಸಿರುತ್ತದೆ. ಈ ಮಾತು ಹೇಳಬೇಕಾದರೆ ಗಂಡನ ಕೊನೆಯ ಮಾತು ತಪ್ಪೆಂದು ಅವನ ಹೆಣದ ಮುಂದೆ, ಊರಿನ ಮುಂದೆ ಹೇಳಬೇಕು. ಹೇಳದಿದ್ದರೆ ಇನ್ನೂರು ಜನರ ಬೀಜ ಈ ದಿನವೇ ಕೆಸರಿಗೆ ಬೀಳುತ್ತದೆ. ಅಥವಾ ಅವನೇ ಸರಿಯಿದ್ದು ತಾನೇ ಅಡ್ಡ ಬಂದರೆ?

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಸ್ವಲ್ಪ ತಡೀರಿ. ಬದುವಿಗೆ ಹೋಗಿ ಎಲ್ಲರೂ" ಅಂದಳು.

"ಅತ್ತಿಗೆ—"

"ಹೋಗಪ್ಪಾ. ನಿಂತರೆ ನೆಲ ನಡುಗುತ್ತೆ."

ಅವರು ಹೋದರು. ಯಾಕೆ ಹೋದರೋ, ಅವಳ ದನಿಯಲ್ಲಿ ಏನಿತ್ತೋ. ಅವಳು ಗಂಡನ ಬಲಕ್ಕೆ ಕೂತು, ಮಂಡಿ ಮಡಿಸಿ, ಮೆಲ್ಲಗೆ ಮಲಗಿದಳು. ಅವನ ಮುಖ ಕಾಣಬೇಕಾದರೆ ಬಲಗೆನ್ನೆ ಊರಬೇಕಿತ್ತು. ಬಲಗೆನ್ನೆ ಊರಿದಳು.

ನಲವತ್ತೆಂಟು ವರ್ಷ ಒಂದೇ ಹಾಸಿಗೆಯಲ್ಲಿ ನೋಡಿದ ಮುಖ ಗೇಣುದ್ದದಲ್ಲಿತ್ತು. ಒಂದು ಉಸಿರು. ಎರಡು. ಮಣ್ಣು ಚುರುಕ್ ಎಂದು ತಣ್ಣಗೆ ಹತ್ತಿತು. ಒಳಗಿನಿಂದ ಹೊಳೆಯ ವಾಸನೆ ಬಂತು. ಎಂಟು. ಒಂಬತ್ತು. ಹತ್ತು. ಮಣ್ಣು ಬೇರೆ, ಅವಳು ಬೇರೆ. ಇನ್ನೂ ಹತ್ತು ಬಿಟ್ಟಳು. ತೇವ ಕಿವಿಯವರೆಗೆ ಏರಿತು. ಆದರೂ ಕೆನ್ನೆ ಮುಗಿಯುವ ಗೆರೆ ಗೆರೆಯಾಗಿಯೇ ಇತ್ತು, ಗುರುತಿಲ್ಲದವರ ಪಕ್ಕ ಕೂತ ಹಾಗೆ. ಎದುರಿಗೆ ಅವನ ಎಡಗೆನ್ನೆ ಮಣ್ಣಿಗೆ ಎಷ್ಟು ಕೂಡಿಕೊಂಡಿತ್ತೆಂದರೆ ಎಲ್ಲಿ ಕೆನ್ನೆ, ಎಲ್ಲಿ ಮಣ್ಣು ಎಂದು ಅವಳ ಕಣ್ಣಿಗೇ ತಿಳಿಯಲಿಲ್ಲ. ಆಗ ಅವಳಿಗೆ ಅರ್ಥವಾಯಿತು. ಅವನು ಸುಳ್ಳು ಹೇಳಿರಲಿಲ್ಲ, ಎಡವಿಯೂ ಇರಲಿಲ್ಲ. ಅವನಿಗೆ ಹದ ಬಂದಿತ್ತು. ಬಯಲಿಗೆ ಬಂದಿರಲಿಲ್ಲ.

ಎದ್ದಳು. ಕೆನ್ನೆ ಒರೆಸಿಕೊಂಡಳು.

"ಇನ್ನೂ ಇಲ್ಲ" ಅಂದಳು.

ಬದುವಿನ ಮೇಲೆ ಗುಜುಗುಜು ಎದ್ದಿತು. "ಕೈಯಲ್ಲಿ ಉಂಡೆ ಇದೆಯಲ್ಲ ಅತ್ತಿಗೆ!" ಎಂದು ದೋಣಿಯವನು ಕೂಗಿದ. ಅವಳು ಬೆಳಗಿನ ಕೆನ್ನೆಯ ಸಂಗತಿ ಹೇಳಿದಳು, ಹಣೆಯ ಬೆವರಿನ ಸಂಗತಿ ಹೇಳಿದಳು. ಕೊನೆಗೆ, "ಕಳಿಸಿದವಳು ನಾನೇ. ಬಿಸಿ ಇದೆಯಾ ಅಂತ ಮಾತ್ರ ನೋಡಿದೆ" ಅಂದಳು.

ಆಮೇಲೆ ಮೇಷ್ಟ್ರು ತಮ್ಮ ಚೀಲವನ್ನು ಹೆಗಲಿನಿಂದ ಇಳಿಸಿದರು. ಒಬ್ಬೊಬ್ಬರಾಗಿ ಉಳಿದವರೂ ಇಳಿಸಿದರು.

ಅವನನ್ನು ದೋಣಿಯ ಹಲಗೆಯ ಮೇಲೆ ಹೊತ್ತು ತಂದು, ಮನೆಯ ಮುಂದೆ ಇಳಿಸಿದರು. ಅವಳು ಬಿಸಿನೀರು ಕಾಯಿಸಿ, ಬೋಗುಣಿಗೆ ಕೆನ್ನೆ ತಾಗಿಸಿ ನೋಡಿ, ಬಲಗೆನ್ನೆಯ ಗಡ್ಡ ತೆಗೆದಳು. ಪೂರ್ತಿ ಕ್ಷೌರವಾದ ಮುಖ ಬೇರೆ ಯಾರದೋ ಅನ್ನಿಸಿತು. ದಿಬ್ಬದ ಅಂಚಿನಲ್ಲಿ, ನೀರಿನ ಗೆರೆಗಿಂತ ಒಂದು ಆಳೆತ್ತರ ಮೇಲೆ, ಬಯಲಿಗೆ ಮುಖ ಮಾಡಿ ಮಣ್ಣು ಮಾಡಿದರು.

ಅದೇ ಸಂಜೆ ದೋಣಿಯವನು ಯಾರಿಗೂ ಹೇಳದೆ ತನ್ನ ಹೊಲದ ಒಂದು ಪಟ್ಟಿಯಲ್ಲಿ ಕೋಲು ಊರಿ ಬಿತ್ತಿಬಂದ. ಗೆಳೆಯನ ಕೊನೆಯ ಮಾತು ನೆಲಕ್ಕೆ ಬೀಳದೆ ಹಾಗೇ ಹೋಗುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಅರ್ಧ ಪಾರಿವಾಳ ತಿಂದವು, ಉಳಿದದ್ದು ಲೋಳೆಯಾಯಿತು. "ಅವನ ಮಾತೂ ನಡೀತು, ನಿಮ್ಮ ಮಾತೂ ನಡೀತು ಅತ್ತಿಗೆ" ಎಂದು ಆಮೇಲೆ ಅವಳ ಜಗಲಿಯಲ್ಲಿ ಕೂತು ಹೇಳಿದ. ಆ ಪಟ್ಟಿಯನ್ನು ಆ ವರ್ಷ ಮತ್ತೆ ಬಿತ್ತಲಿಲ್ಲ, ಖಾಲಿ ಬಿಟ್ಟ. ಸುತ್ತಲೂ ಆಳೆತ್ತರದ ಜೋಳ ನಿಂತಾಗ ಆ ಒಂದು ಪಟ್ಟಿ, ಯಾರೋ ಮಲಗಿ ಎದ್ದುಹೋದ ಜಾಗದ ಹಾಗೆ ಕಾಣುತ್ತಿತ್ತು.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಅವಳು ಬಯಲಿಗೆ ಹೋಗಿ ಮಲಗಿದಳು. ಹದ ಇನ್ನೂ ಇಲ್ಲ. ಅದರ ಮರುದಿನ ಹೊರಡುವಾಗ ಹೊಸ್ತಿಲಲ್ಲಿ ಕಾಲು ತಡೆಯಿತು. ಏನೋ ಮರೆತಂತಾಗಿ ನಿಂತಳು. ಅಡುಗೆಮನೆಯಿಂದ ಮಗಳು ಬಂದಳು, ಕೈ ಸೆರಗಿಗೆ ಒರೆಸಿಕೊಂಡು ತಾಯಿಯ ಹಣೆಯ ಮೇಲಿಟ್ಟಳು, ಆಮೇಲೆ ಕೆನ್ನೆಯ ಮೇಲಿಟ್ಟಳು.

"ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಹೋಗಮ್ಮ."

ಬದುವಿನ ಮೇಲೆ ಊರು ನಿಂತಿತ್ತು. ಅವಳು ಒಬ್ಬಳೇ ಇಳಿದು ನಡೆದಳು. ಅವನ ಮೈ ಒತ್ತಿದ ಗುರುತು ಮಣ್ಣಿನಲ್ಲಿ ಇನ್ನೂ ಇತ್ತು, ಅಂಚು ಮಾತ್ರ ಒಣಗಿ ಬೆಳ್ಳಗಾಗಿತ್ತು. ಅದರ ಪಕ್ಕದಲ್ಲೇ ಮಲಗಿ ಬಲಗೆನ್ನೆ ಊರಿದಳು. ಮೊದಲು ತಣ್ಣಗೆ. ಐದು ಉಸಿರು. ಆರು. ಹತ್ತಕ್ಕೆ ಇನ್ನೂ ಎರಡು ಇರುವಾಗಲೇ ಗೆರೆ ಅಳಿಸಿಹೋಯಿತು. ಕೆನ್ನೆ ಇಲ್ಲ, ಮಣ್ಣಿಲ್ಲ. ಬೆಚ್ಚಗೆ, ಅಗಲಕ್ಕೆ, ಹೊಳೆಯವರೆಗೆ, ಅದರಾಚೆಯವರೆಗೆ ತಾನೇ ಹಾಸಿಕೊಂಡು ಬಿದ್ದಿರುವಂತೆ ಅನ್ನಿಸಿತು. ಇಷ್ಟು ವರ್ಷ ಅವನು ದಿನಾ ಮನೆಯಿಂದ ಎದ್ದು ಬರುತ್ತಿದ್ದದ್ದು ಇಲ್ಲಿಗೆ. ಇಷ್ಟು ದೊಡ್ಡದನ್ನು ಕಂಡು ಬಂದವನು ಮನೆಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದನಲ್ಲ! ಕಣ್ಣಿನಿಂದ ನೀರಿಳಿದು ಮಣ್ಣಿಗೆ ಹೋಯಿತು. ಎದ್ದೇಳಲು ಮನಸ್ಸಾಗಲಿಲ್ಲ.

ಬದುವಿನ ಮೇಲೆ ಜನಕ್ಕೆ ಜೀವ ಹಾರಿಹೋಗುತ್ತಿತ್ತು. ಒಂದು ಸಲ ಕಾದು ಕೆಟ್ಟವರು, ಎಷ್ಟು ಹೊತ್ತು ಸುಮ್ಮನಿದ್ದಾರು? ಕೊನೆಗೆ ದೋಣಿಯವನು ಎರಡೂ ಕೈ ಬಾಯಿಗಿಟ್ಟು ಕೂಗಿಯೇಬಿಟ್ಟ.

"ಅತ್ತಿಗೇ! ಅತ್ತಿಗೇ, ಇದೀರಾ?"

ಮಲಗಿದಲ್ಲಿಂದಲೇ ಉತ್ತರ ಬಂತು. "ಇದೀನಪ್ಪಾ! ಬಾಯಿ ಮುಚ್ಚಿಕೊಂಡು ನಿಂತ್ಕೋ!"

ಮೊದಲು ಮೇಷ್ಟ್ರು ನಕ್ಕರು. ಆಮೇಲೆ ಬದುವಿನುದ್ದಕ್ಕೂ ಅಳುವೋ ನಗುವೋ ತಿಳಿಯದ ಸದ್ದು ಹಬ್ಬಿತು. ಅವಳು ಇನ್ನೊಂದು ಉಸಿರಿನಷ್ಟು ಹೊತ್ತು ಹಾಗೇ ಇದ್ದಳು. ಆಮೇಲೆ ಕೈ ಚಾಚಿ ಹಿಡಿ ಮಣ್ಣು ತೆಗೆದುಕೊಂಡು, ಉಂಡೆ ಕಟ್ಟಿ, ಮೊಣಕೈ ಊರಿ ಎದ್ದಳು. ಹೆಂಗಸಿನ ಕೈ, ಅಷ್ಟು ದೂರ ಎಸೆದು ರೂಢಿಯಿಲ್ಲ. ಉಂಡೆ ಬದುವಿಗೆ ಹತ್ತು ಮಾರು ಈಚೆಗೇ ಬಿದ್ದು, ಪುಡಿಯಾಯಿತು.